ಮಾತು ಬರುವವರೆಗೆ

ಯಾವುದಾದರೂ ಬ್ಯಾಂಡು ದೊಡ್ಡ ಹೆಸರು ಮಾಡಿತು ಅಂದರೆ ಸಾಕು, ‘ಛೇ, ಮೊದಲಿನ ಹಾಗಿಲ್ಲ ಬಿಡಿ’ ಎಂದು ಮೂಗು ಮುರಿಯುವವರು ಗಲ್ಲಿಗೆ ಹತ್ತು ಜನ ಹುಟ್ಟಿಕೊಳ್ಳುತ್ತಾರೆ. ‘ಎದುರಿಗೆ ಮೂವತ್ತು ಜನ ಇದ್ದಾಗಲೇ ನಾನು ಅವರನ್ನ ಕೇಳಿದೋನು’ ಎಂದು ಎದೆ ತಟ್ಟಿಕೊಳ್ಳುತ್ತಾರೆ. ಆ ಮೂವತ್ತು ಜನರನ್ನು ಈಗ ಎಣಿಸಿದರೆ ಮೂರು ಸಾವಿರ ದಾಟುತ್ತದೆ, ಅದು ಬೇರೆ ಮಾತು. ಸರಿ ಸ್ವಾಮಿ, ಕಳೆದುಹೋದದ್ದಾದರೂ ಏನು ಎಂದು ಕೇಳಿ ನೋಡಿ. ತಲೆ ಕೆರೆದುಕೊಂಡು ‘ಅದೇ... ಆ ಒಂದು ಇದು ಇತ್ತಲ್ಲ’ ಎನ್ನುತ್ತಾರೆ. ‘ಪೆಟ್ಟಿಗೆ’ ಎಂಬ ಬ್ಯಾಂಡಿನ ಮಟ್ಟಿಗೆ ಏನು ಕಳೆಯಿತು, ಯಾವ ಮಧ್ಯಾಹ್ನ ಕಳೆಯಿತು, ಯಾರ ಕೈಯಿಂದ ಜಾರಿತು ಎಂದು ಬೆರಳಿಟ್ಟು ತೋರಿಸಬಲ್ಲವಳು ಒಬ್ಬಳೇ ಒಬ್ಬಳು. ಅವಳು ಬಾಯಿ ಬಿಡುವವಳಲ್ಲ. ಹಾಗಾಗಿ ಅವಳ ಕತೆಯನ್ನು ಬೇರೆಯವರೇ ಹೇಳಬೇಕಾಗಿದೆ.

ಅವಳು ಎಲ್ಲರಿಗೂ ಅಕ್ಕ. ತಮ್ಮ ಹುಟ್ಟಿದ ಮೇಲೆ ಹೆತ್ತ ತಾಯಿಯೂ ಹಾಗೇ ಕರೆಯತೊಡಗಿದಳು, ಆಮೇಲೆ ಬೀದಿಯವರು, ಆಮೇಲೆ ಕಾರ್ಖಾನೆಯವರು. ಇಟ್ಟ ಹೆಸರು ಹಾಜರಿ ಪುಸ್ತಕದಲ್ಲಿ ಮಾತ್ರ ಉಳಿಯಿತು. ಹದಿನೆಂಟು ವರ್ಷದಿಂದ ರಟ್ಟಿನ ಪೆಟ್ಟಿಗೆ ಮಾಡುವ ಕಾರ್ಖಾನೆಯಲ್ಲಿ ಒಂದೇ ಯಂತ್ರದ ಮುಂದೆ ಕೂರುತ್ತಾಳೆ. ರಟ್ಟಿನ ಹಾಳೆಯನ್ನು ಒಳಗೆ ತಳ್ಳಬೇಕು, ಕಾಲಿನಿಂದ ಪೆಡಲ್ ಒತ್ತಬೇಕು, ಧಡ್ ಎಂದು ಅಚ್ಚು ಬೀಳುತ್ತದೆ, ಕತ್ತರಿಸಿದ ಹಾಳೆಯನ್ನು ಹೊರಗೆಳೆಯಬೇಕು. ಮಡಿಸಿದರೆ ಅದು ಚಪ್ಪಲಿ ಪೆಟ್ಟಿಗೆ, ಇಲ್ಲವೇ ಕೇಕಿನ ಪೆಟ್ಟಿಗೆ. ದಿನಕ್ಕೆ ಎರಡು ಸಾವಿರ ಸಲ. ರೆಪ್ಪೆಯ ಮೇಲೆ ಸದಾ ರಟ್ಟಿನ ಧೂಳು. ಬಲಗೈ ಹೆಬ್ಬೆರಳ ಉಗುರು ಒಮ್ಮೆ ಅಚ್ಚಿಗೆ ಸಿಕ್ಕಿ ಕಪ್ಪಾದದ್ದು ಇನ್ನೂ ಹಾಗೇ ಇದೆ. ಕೈ ಒಂದು ಲಯದಲ್ಲಿ, ಕಾಲು ಇನ್ನೊಂದು ಲಯದಲ್ಲಿ ತಪ್ಪದೆ ನಡೆಯಬೇಕಾದ ಕೆಲಸ ಅದು. ಡ್ರಮ್ಸ್ ಕಲಿಯುವುದಕ್ಕೆ ಅವಳು ಯಾರ ಹತ್ತಿರವೂ ಪಾಠಕ್ಕೆ ಹೋಗಲಿಲ್ಲ, ಹೋಗುವ ಅಗತ್ಯವೂ ಬೀಳಲಿಲ್ಲ.

ಆದರೆ ಅವಳ ಬಾರಿಸುವಿಕೆ ಶುರುವಾದದ್ದು ಅದಕ್ಕೂ ಎಷ್ಟೋ ಮೊದಲು, ಮನೆಯ ಊಟದ ಮೇಜಿನ ಮೇಲೆ. ತಮ್ಮ ಅವಳಿಗಿಂತ ನಾಲ್ಕು ವರ್ಷಕ್ಕೆ ಚಿಕ್ಕವನು. ಅವನಿಗೆ ಉಗ್ಗು. ಅಂತಿಂಥ ಉಗ್ಗಲ್ಲ, ಮಾತು ಗಂಟಲಲ್ಲಿ ಸಿಕ್ಕಿಕೊಂಡರೆ ಎಡಭುಜ ಕಿವಿಯವರೆಗೆ ಏರಿ, ತೆರೆದ ಬಾಯಿ ತೆರೆದ ಹಾಗೇ ನಿಂತುಬಿಡುತ್ತಿತ್ತು. ಅಪ್ಪನೋ ಬಸ್ ನಿಲ್ದಾಣದಲ್ಲಿ ಟಿಕೆಟ್ ಕೊಡುವ ಗುಮಾಸ್ತ. ಪ್ರಯಾಣಿಕ ಊರಿನ ಹೆಸರು ಅರ್ಧ ಹೇಳುವಷ್ಟರಲ್ಲಿ ಟಿಕೆಟ್ ಹರಿದು ಕೈಗಿಟ್ಟು ಅಭ್ಯಾಸ. ಕೆಟ್ಟವನಲ್ಲ ಪಾಪ, ಆದರೆ ಮನೆಯಲ್ಲಿ ಕೂತಾಗಲೂ ಕಿಟಕಿಯಾಚೆ ಜನ ಸಾಲುಗಟ್ಟಿ ನಿಂತಿದ್ದಾರೇನೋ ಎಂಬಂತೆ ಅವಸರಪಡುತ್ತಿದ್ದ. ಮಗ ‘ನ... ನ...’ ಅನ್ನುತ್ತಿದ್ದಂತೆ ‘ನೀರಾ? ತಗೋ’ ಎಂದು ಲೋಟ ಮುಂದೆ ತಳ್ಳುತ್ತಿದ್ದ. ಹುಡುಗನಿಗೆ ಬೇಕಾದದ್ದು ನೀರಲ್ಲದಿದ್ದರೂ ಸುಮ್ಮನೆ ಕುಡಿದುಬಿಡುತ್ತಿದ್ದ.

ಅಮ್ಮನದು ಇನ್ನೊಂದು ಬಗೆ. ಮಗನ ಬಾಯನ್ನೇ ನೋಡುತ್ತಾ ತನ್ನ ಬಾಯನ್ನೂ ಅದೇ ಥರ ಮಾಡುತ್ತಾ ಕಣ್ಣಲ್ಲಿ ನೀರು ತುಂಬಿಕೊಳ್ಳುವಳು. ಅದನ್ನು ನೋಡಿದರೆ ಬರುವ ಮಾತೂ ವಾಪಸ್ ಹೋಗುತ್ತಿತ್ತು. ಅಕ್ಕ ಮಾತ್ರ ಅವನತ್ತ ನೋಡುತ್ತಿರಲಿಲ್ಲ. ತನ್ನ ತಟ್ಟೆ ನೋಡಿಕೊಂಡು ಮೇಜಿನ ಅಂಚಿನ ಮೇಲೆ ನಾಲ್ಕು ನಾಲ್ಕು ಪೆಟ್ಟಾಗಿ ಬೆರಳಿನಿಂದ ತಟ್ಟುತ್ತಾ ಕೂರುತ್ತಿದ್ದಳು. ಅವಳಿಗಾಗ ಒಂಬತ್ತು ವರ್ಷ; ಯಾರೂ ಹೇಳಿಕೊಟ್ಟದ್ದಲ್ಲ. ತಟ್ಟುತ್ತಾ ತಟ್ಟುತ್ತಾ ಯಾವುದೋ ಒಂದು ಸುತ್ತಿನ ಮೊದಲ ಪೆಟ್ಟಿಗೆ ಸರಿಯಾಗಿ ತಮ್ಮನ ಮಾತು ಸಡಿಲಾಗಿ ಬಂದುಬಿಡುತ್ತಿತ್ತು.

“ಏಯ್, ಮೇಜು ಕುಟ್ಟೋದು ನಿಲ್ಸೇ, ತಲೆ ಸಿಡೀತಿದೆ” ಎಂದು ಅಪ್ಪ ಗದರುತ್ತಿದ್ದ. ಅಕ್ಕ ಸದ್ದು ಇಳಿಸುತ್ತಿದ್ದಳೇ ಹೊರತು ನಿಲ್ಲಿಸುತ್ತಿರಲಿಲ್ಲ. ಹುಟ್ಟಾ ಹಠಮಾರಿ.

ಹಾಡುವಾಗ ಮಾತ್ರ ತಮ್ಮನಿಗೆ ಉಗ್ಗೇ ಇರಲಿಲ್ಲ. ಎಷ್ಟೋ ಉಗ್ಗುವವರಿಗೆ ಹಾಗೇ ಅಂತೆ. ದೊಡ್ಡವನಾದ ಮೇಲೆ ಮಾತಾಡಬೇಕಾಗಿಲ್ಲ ಎಂಬ ಒಂದೇ ಕಾರಣಕ್ಕೆ ಗ್ರಂಥಾಲಯದಲ್ಲಿ ಪುಸ್ತಕ ಜೋಡಿಸುವ ಕೆಲಸ ಹಿಡಿದ, ಮನೆಗೆ ಬಂದರೆ ಗಿಟಾರು ಹಿಡಿದು ಹಾಡಿದ. ಹೀಗೆ ಬ್ಯಾಂಡು ಕಟ್ಟಿದರು. ಬೇಸ್ ಗಿಟಾರಿಗೆ ಗ್ಯಾಸ್ ಸಿಲಿಂಡರ್ ಲಾರಿ ಓಡಿಸುವವನೊಬ್ಬ ಬಂದ. ಬಾಗಿಲು ದಾಟುವಾಗೆಲ್ಲ ತಲೆ ತಗ್ಗಿಸಬೇಕಾಗಿದ್ದರಿಂದ ಅವನು ಉದ್ದಣ್ಣ. ಇನ್ನೊಂದು ಗಿಟಾರಿಗೆ ಶಾಲೆಯಲ್ಲಿ ಲೆಕ್ಕ ಹೇಳಿಕೊಡುವ ಮೇಷ್ಟ್ರು. ಭಾನುವಾರ ಮಧ್ಯಾಹ್ನ ಕಾರ್ಖಾನೆಯ ಉಗ್ರಾಣ ಖಾಲಿ ಇರುತ್ತಿತ್ತು. ಸುತ್ತ ಆಳೆತ್ತರ ರಟ್ಟಿನ ಕಟ್ಟುಗಳು; ಎಷ್ಟು ಅರಚಿದರೂ ಸದ್ದೆಲ್ಲ ರಟ್ಟೇ ನುಂಗಿಕೊಳ್ಳುತ್ತಿತ್ತು. ಬ್ಯಾಂಡಿಗೆ ‘ರಟ್ಟಿನ ಪೆಟ್ಟಿಗೆ’ ಎಂದೇ ಹೆಸರಿಟ್ಟರು. ಮೊದಲ ಆರು ತಿಂಗಳು ಅಕ್ಕನ ದೊಡ್ಡ ಡ್ರಮ್ ನಿಜಕ್ಕೂ ಒಂದು ಫ್ರಿಜ್ಜಿನ ಪೆಟ್ಟಿಗೆಯೇ ಆಗಿತ್ತು.

ಅಂಟು ಸರಬರಾಜು ಮಾಡುವ ಒಬ್ಬಾತ ಆ ದಿನಗಳಲ್ಲಿ ಅಕ್ಕನ ಹಿಂದೆ ಬಿದ್ದಿದ್ದ. ಒಳ್ಳೆಯ ಮನುಷ್ಯ. ‘ಭಾನುವಾರ ಎಲ್ಲಾದರೂ ಸುತ್ತಾಡಿ ಬರೋಣ್ವಾ?’ ಎಂದು ಎರಡು ವರ್ಷ ಕೇಳಿದ. ಭಾನುವಾರ ಅಕ್ಕನಿಗೆ ಬಿಡುವಿರಲಿಲ್ಲ. ಮೂರನೆಯ ವರ್ಷ ಅವನು ಬೇರೆಯವಳನ್ನು ಮದುವೆಯಾದ. ಅಕ್ಕ ಒಂದು ದಿನ ಅತ್ತಳು, ಮಾರನೆಯ ದಿನ ಅಭ್ಯಾಸಕ್ಕೆ ಹೋದಳು.

ಅಪ್ಪ ಸತ್ತದ್ದು ತಮ್ಮನಿಗೆ ಇಪ್ಪತ್ತೆರಡು ತುಂಬಿದ ವರ್ಷ. ಒಂದು ವಾರ ಕಳೆದಿತ್ತು ಅಷ್ಟೇ. ತಮ್ಮ ಉಗ್ರಾಣಕ್ಕೆ ಬಂದು ಹೊಸ ಹಾಡು ತೋರಿಸಿದ. ಹಾಡಿನ ನಡುವೆ ಒಂದು ಕಡೆ ಖಾಲಿ ಬಿಟ್ಟಿದ್ದ.

“ಇಲ್ಲೇನೋ?” ಅಕ್ಕ ಕೇಳಿದಳು.

“ಇಲ್ಲಿ ಮಾ... ಮಾತು. ಅಪ್ಪನ ಹತ್ರ.”

“ಹಾಡ್ಬಿಡೋ. ಹಾಡಿದ್ರೆ ಸಲೀಸಾಗಿ ಬರತ್ತಲ್ಲ.”

“ಹಾಡ್ಬಿಟ್ರೆ ಸು... ಸುಳ್ಳಾಗತ್ತೆ ಅಕ್ಕ. ಹೇ... ಹೇಳ್ಬೇಕು. ಅಪ್ಪ ಇದ್ದಾಗ ಹೇಳೋಕೇ ಆಗ್ಲಿಲ್ವಲ್ಲ.”

‘ಅಪ್ಪಾ, ಇವತ್ತೇನಾಯ್ತು ಗೊತ್ತಾ?’ ಎಂದು ಶುರುವಾಗುತ್ತಿತ್ತು ಆ ಮಾತು. ಅಂದಂದಿನ ಸುದ್ದಿ. ಅಮ್ಮ ಕನ್ನಡಕ ಒಡೆದುಕೊಂಡಳು, ಗ್ರಂಥಾಲಯದ ಮೆಟ್ಟಿಲಲ್ಲಿ ಬೆಕ್ಕು ಮರಿ ಹಾಕಿದೆ, ನಿನ್ನ ಚಪ್ಪಲಿ ಇವತ್ತು ನಾನು ಹಾಕ್ಕೊಂಡೆ. ಒಂದು ದಿನ ಹೇಳಿದ್ದನ್ನು ಇನ್ನೊಂದು ದಿನ ಹೇಳಿದ್ದಿಲ್ಲ.

ಮೊದಲ ಕಾರ್ಯಕ್ರಮ ಬಸ್ ನೌಕರರ ಸಂಘದ ಸಭಾಂಗಣದಲ್ಲಿ. ಎದುರಿಗೆ ನಲವತ್ತು ಜನ, ಅರ್ಧಕ್ಕರ್ಧ ಅಪ್ಪನ ಜೊತೆ ಕೆಲಸ ಮಾಡಿದವರು. ಹಾಡು ಮಾತಿನ ಜಾಗಕ್ಕೆ ಬಂತು. ತಮ್ಮ ಬಾಯಿ ತೆರೆದ. ಎಡಭುಜ ಮೇಲೇರಿತು. ಮಾತಿಲ್ಲ. ಹಿಂದಿನ ಸಾಲಿನಲ್ಲಿ ಯಾವನೋ ಶಿಳ್ಳೆ ಹೊಡೆದ. ಅಕ್ಕನ ಕೈ ತನ್ನಷ್ಟಕ್ಕೆ ಹಳೆಯ ಕೆಲಸ ಮಾಡಿತು. ಆ ನಾಲ್ಕು ಪೆಟ್ಟನ್ನೇ ಹಿಡಿದು, ಮೆಲ್ಲಗೆ, ಮತ್ತೆ ಮತ್ತೆ ಅದೇ ಸುತ್ತು ಹೊಡೆಯತೊಡಗಿದಳು. ತಲೆ ಬಗ್ಗಿಸಿ ಡ್ರಮ್ಮನ್ನೇ ನೋಡಿದಳು. ಉದ್ದಣ್ಣ ಅವಳನ್ನು ನೋಡಿ ತಾನೂ ತಲೆ ಬಗ್ಗಿಸಿದ, ಮೇಷ್ಟ್ರೂ ಬಗ್ಗಿಸಿದರು. ಶಿಳ್ಳೆ ನಿಂತಿತು. ಒಂಬತ್ತನೆಯ ಸುತ್ತಿಗೋ ಹತ್ತನೆಯದಕ್ಕೋ ಮಾತು ಬಂತು, ಮೊದಲ ಪೆಟ್ಟಿಗೆ ಸರಿಯಾಗಿ. ಮೂವರೂ ಒಟ್ಟಿಗೆ ಅದರ ಮೇಲೆ ಬಿದ್ದರು ನೋಡಿ, ಸಭಾಂಗಣದ ಕಿಟಕಿ ಗಾಜು ಝಲ್ಲೆಂದಿತು. ಅಪ್ಪನ ಜೊತೆಗಾರರಲ್ಲಿ ಒಬ್ಬ ಮುದುಕ ಕುರ್ಚಿ ಬಿಟ್ಟೆದ್ದು ಕಣ್ಣೊರೆಸಿಕೊಂಡ.

ಅಂದಿನಿಂದ ಅದು ಅವರ ಪದ್ಧತಿಯೇ ಆಗಿಹೋಯಿತು. ಅವರು ಅದನ್ನು ‘ಸುತ್ತು’ ಎನ್ನುತ್ತಿದ್ದರು. ಕಾಯುವಾಗ ಯಾರೂ ಅವನ ಮುಖ ನೋಡಬಾರದು, ಯಾರೂ ಮುಂದೆ ಓಡಬಾರದು, ಮಾತು ಬಂದ ಪೆಟ್ಟಿಗೆ ಎಲ್ಲರೂ ಒಟ್ಟಿಗೆ ಬೀಳಬೇಕು. ಅಷ್ಟೇ ನಿಯಮ. ಕೇಳುವವರೂ ಕಲಿತರು, ಹೇಳಿಕೊಡದೆಯೇ. ಹನ್ನೊಂದು ವರ್ಷದಲ್ಲಿ ನಲವತ್ತು ಜನ ಮುನ್ನೂರಾದರು. ಆ ಹಾಡಿನ ಆ ಜಾಗ ಬಂದರೆ ಮುನ್ನೂರು ತಲೆ ಒಟ್ಟಿಗೆ ಬಗ್ಗುತ್ತಿತ್ತು. ಒಂದು ಸಲ ಅರವತ್ತನಾಲ್ಕು ಸುತ್ತು ಕಾದರು. ಒಬ್ಬರೂ ಕೆಮ್ಮಲಿಲ್ಲ. ಅಕ್ಕನಿಗೆ ಅವತ್ತು ತೋಳು ಬಿದ್ದುಹೋಗುತ್ತಿತ್ತು, ಆದರೂ ಇದು ಮುಗಿಯದೇ ಇದ್ದರೂ ಪರವಾಗಿಲ್ಲ ಅನ್ನಿಸಿತ್ತು. ಅವಳು ತನ್ನ ಬದುಕಿನಲ್ಲಿ ಸುಖ ಎಂದು ಕರೆದದ್ದು ಅದೊಂದನ್ನೇ. ಜನರೆಲ್ಲ ತಲೆ ಬಗ್ಗಿಸಿಕೊಂಡು ತನ್ನ ತಮ್ಮನಿಗಾಗಿ ಕಾಯುತ್ತಿದ್ದಾರೆ, ಯಾರೂ ಅವನ ಮುಂದೆ ನೀರಿನ ಲೋಟ ತಳ್ಳುತ್ತಿಲ್ಲ!

ಆಮೇಲೆ ಕಂಪನಿ ಬಂತು. ಕಂಪನಿ ಅಂದಕೂಡಲೇ ಮೀಸೆ ತಿರುವುವ ಖಳನಾಯಕನನ್ನು ನೆನೆಸಿಕೊಳ್ಳಬೇಡಿ. ಬಂದ ಮ್ಯಾನೇಜರ್ ಸಂಭಾವಿತ. ಉಗ್ರಾಣದಲ್ಲಿ ರಟ್ಟಿನ ಕಟ್ಟಿನ ಮೇಲೆ ಕೂತು ಚಹಾ ಕುಡಿದ, ಹಾಡು ಕೇಳಿ ಅತ್ತ, ಕರವಸ್ತ್ರ ತರಲಿಲ್ಲವೆಂದು ಅಂಗಿಯ ತೋಳಿನಲ್ಲಿ ಮೂಗೊರೆಸಿಕೊಂಡ. “ಇದು ಮುನ್ನೂರು ಜನಕ್ಕೆ ಮಾತ್ರ ಯಾಕೆ ಇರ್ಬೇಕು? ಎಲ್ಲರಿಗೂ ಮುಟ್ಬೇಕು” ಅಂದ. ತಪ್ಪೇನು ಹೇಳಿದ? ಉದ್ದಣ್ಣನಿಗೆ ಸಿಲಿಂಡರ್ ಹೊತ್ತು ಬೆನ್ನು ಹೋಗಿತ್ತು, ಮೇಷ್ಟ್ರಿಗೆ ಇಬ್ಬರು ಮಕ್ಕಳು. ಯಾರಿಗೂ ಬೇಡ ಅನ್ನಲು ಕಾರಣವಿರಲಿಲ್ಲ. ಅಕ್ಕನೂ ಸಹಿ ಹಾಕಿದಳು. ಕಾರ್ಖಾನೆಯನ್ನು ಮಾತ್ರ ಪೂರ್ತಿ ಬಿಡಲಿಲ್ಲ. ವಾರಕ್ಕೆ ಮೂರು ದಿನ ಬರುತ್ತೇನೆಂದು ಮಾಲೀಕರನ್ನು ಒಪ್ಪಿಸಿದಳು.

ಸ್ಟುಡಿಯೋದಲ್ಲಿ ಆ ಹಾಡು ಒಂಬತ್ತು ನಿಮಿಷ ಬಂತು. ರೇಡಿಯೋದವರಿಗೆ ನಾಲ್ಕು ನಿಮಿಷದ್ದು ಬೇಕು. ಕನ್ನಡಕದ ಸೌಂಡ್ ಇಂಜಿನಿಯರ್ ಒಬ್ಬಳು ಕಂಪ್ಯೂಟರಿನ ಮುಂದೆ ಕೂತು, ಪರದೆಯ ಮೇಲಿನ ಗೆರೆಗಳಲ್ಲಿ ತಮ್ಮ ಸಿಕ್ಕಿಕೊಂಡ ಜಾಗಗಳನ್ನೆಲ್ಲ ಹುಡುಕಿ, ಒಂದೊಂದಾಗಿ ಕತ್ತರಿಸಿ ತೆಗೆದು ತುದಿಗೆ ತುದಿ ಕೂಡಿಸಿದಳು. ಒಟ್ಟು ನಾಲ್ಕು ಕಡೆ. ಅರ್ಧ ಗಂಟೆಯ ಕೆಲಸ. ಆಮೇಲೆ, “ಕೇಳಿ” ಎಂದು ಗುಂಡಿ ಒತ್ತಿದಳು.

‘ಅಪ್ಪಾ, ಇವತ್ತೇನಾಯ್ತು ಗೊತ್ತಾ? ಬಸ್‌ಸ್ಟ್ಯಾಂಡಲ್ಲಿ ನಿನ್ನ ಕಿಟಕಿ ಇತ್ತಲ್ಲ, ಅದನ್ನ ಮುಚ್ಚಿಬಿಟ್ಟಿದ್ದಾರೆ...’

ತಮ್ಮನ ದನಿ. ತಡೆಯಿಲ್ಲ, ಸಿಕ್ಕಿಲ್ಲ, ನಲ್ಲಿ ತಿರುಗಿಸಿದರೆ ನೀರು ಬಂದ ಹಾಗೆ ಮಾತು. ‘ಏನಮ್ಮಾ, ಕಾದದ್ದನ್ನೆಲ್ಲ ತೆಗೆದುಬಿಟ್ಟೆಯಲ್ಲ!’ ಎಂದು ಅಕ್ಕನ ಬಾಯಿತುದಿಗೆ ಬಂತು. ಹೇಳಬೇಕೆಂದು ತಿರುಗಿದವಳು ತಮ್ಮನ ಮುಖ ನೋಡಿ ಸುಮ್ಮನಾದಳು. ಅವನು ಅಳುತ್ತಿದ್ದ. ಅಳುತ್ತಲೇ ನಗುತ್ತಿದ್ದ. ಬೆರಳೆತ್ತಿ ‘ಇನ್ನೊಂದು ಸಲ’ ಎಂದು ಸನ್ನೆ ಮಾಡಿದ. ಏಳು ಸಲ ಕೇಳಿದ. ಅಕ್ಕ ಏಳು ಸಲವೂ ಪಕ್ಕದಲ್ಲಿ ಕೂತು ತನ್ನ ಚಪ್ಪಲಿ ನೋಡಿಕೊಂಡಿದ್ದಳು.

ಅಮ್ಮನಂತೂ ರೇಡಿಯೋ ಬಿಟ್ಟು ಅಲ್ಲಾಡಲಿಲ್ಲ. “ಕೇಳೇ, ಕೇಳು, ನನ್ನ ಮಗ ಹೆಂಗೆ ಮಾತಾಡ್ತಾನೆ ನೋಡು” ಎಂದು ಅಕ್ಕಪಕ್ಕದವರನ್ನೆಲ್ಲ ಕರೆದು ಕೂರಿಸುತ್ತಿದ್ದಳು. ಕಾರ್ಖಾನೆಯ ಹೆಂಗಸರು, “ನಿನ್ನ ತಮ್ಮಂಗೆ ಉಗ್ಗು ಅಂತಿದ್ಯಲ್ಲೇ, ಎಲ್ಲಿದೆ?” ಎಂದು ಕಾಲೆಳೆದರು. ಹಾಡು ಬಸ್ಸಿನಲ್ಲಿ ಬಂತು, ಅಂಗಡಿಯಲ್ಲಿ ಬಂತು, ಆಸ್ಪತ್ರೆಯ ಕಾಯುವ ಕೋಣೆಯಲ್ಲೂ ಬಂತು. ಕೇಳಿದಾಗೆಲ್ಲ ಅಕ್ಕನ ಕೈ ಆ ನಾಲ್ಕು ಜಾಗದಲ್ಲಿ ಒಂದೊಂದು ಕ್ಷಣ ತಡವರಿಸುತ್ತಿತ್ತು. ಬೇರೆ ಯಾರಿಗೂ ಅಲ್ಲಿ ಹೊಲಿಗೆ ಕಾಣುತ್ತಿರಲಿಲ್ಲ. ಹಳೆಯ ಅಭಿಮಾನಿಯೊಬ್ಬ ತರಕಾರಿ ಅಂಗಡಿಯಲ್ಲಿ ಎದುರಾಗಿ, “ಮಾರ್ಕೊಂಡ್ಬಿಟ್ರಲ್ಲ ಅಕ್ಕಾ” ಅಂದ. ಅವನ ಕಪಾಳಕ್ಕೆ ಎರಡು ಬಿಗಿಯಬೇಕು ಅನ್ನಿಸಿತು. ಮಗ ಸಲೀಸಾಗಿ ಮಾತಾಡಿದ್ದನ್ನು ಕೇಳಿ ಊಟ ಬಿಟ್ಟು ಅತ್ತ ತಾಯಿಯನ್ನು ಇವನು ನೋಡಿದ್ದನೇ? ಆದರೆ ಮನೆಗೆ ಬಂದು ಚೀಲ ಇಳಿಸಿದ ಮೇಲೆ ಅವಳಿಗೆ ಅಳು ತಡೆಯಲಾಗಲಿಲ್ಲ. ಅವನು ಹೇಳಿದ್ದು ಸರಿಯೇನೋ ಎಂಬ ಹೆದರಿಕೆ.

ಬ್ಯಾಂಡಿನ ಹೆಸರು ಉದ್ದವಾಯಿತೆಂದು ಬರೀ ‘ಪೆಟ್ಟಿಗೆ’ ಆಯಿತು. ಕಾರ್ಯಕ್ರಮಗಳು ದೊಡ್ಡ ಮೈದಾನಗಳಿಗೆ ಹೋದವು. ಅಲ್ಲಿ ಬಣ್ಣದ ದೀಪ, ಹಿಂದಿನ ಪರದೆಯ ಚಿತ್ರ, ಹೊಗೆ ಎಲ್ಲವೂ ಯಂತ್ರದ ಗಡಿಯಾರಕ್ಕೆ ಕಟ್ಟುಬಿದ್ದು ನಡೆಯುತ್ತಿದ್ದವು. ಯಾರಿಗಾಗಿಯೂ ಒಂದು ಕ್ಷಣ ನಿಲ್ಲುವಂತಿಲ್ಲ. ಅಕ್ಕನ ಕಿವಿಗೆ ಒಂದು ಸಣ್ಣ ಯಂತ್ರ ಸಿಕ್ಕಿಸಿದರು. ಅದರೊಳಗೆ ಟಿಕ್ ಟಿಕ್ ಟಿಕ್ ಟಿಕ್. ಅದನ್ನು ಹಿಡಿದುಕೊಂಡೇ ಬಾರಿಸಬೇಕು. ಮಾತಿನ ಜಾಗ ಬಂದಾಗ ತಮ್ಮನ ಮೈಕು ಆರಿಸಿ, ಸ್ಟುಡಿಯೋದಲ್ಲಿ ಕತ್ತರಿಸಿ ಕೂಡಿಸಿದ ಮಾತನ್ನೇ ಹಾಕುತ್ತಿದ್ದರು. ತಮ್ಮ ತುಟಿ ಆಡಿಸುತ್ತಿದ್ದ. ಪ್ರತಿ ಸಲವೂ ಬಸ್‌ಸ್ಟ್ಯಾಂಡಿನ ಕಿಟಕಿ ಮುಚ್ಚಿದ ಸುದ್ದಿಯೇ. ವರ್ಷವಾದರೂ ಅಪ್ಪನಿಗೆ ಬೇರೆ ಸುದ್ದಿ ಹೋಗಲಿಲ್ಲ.

“ಒಂದ್ಸಲ ನೀನೇ ಮಾತಾಡೋ” ಎಂದು ಅಕ್ಕ ಒಮ್ಮೆ ಮೆಲ್ಲಗೆ ಕೇಳಿದ್ದಳು. “ಚಿಕ್ಕ ಜಾಗ ಯಾವ್ದಾದ್ರೂ ಸಿಕ್ಕಾಗ.”

“ನೋಡೋಣ” ಅಂದಿದ್ದ. ಅಷ್ಟೇ.

ಆ ಮಧ್ಯಾಹ್ನ ನಾಲ್ಕು ಗಂಟೆ. ಸುಡುಬಿಸಿಲು. ಮೈದಾನದಲ್ಲಿ ಇಪ್ಪತ್ತು ಸಾವಿರ ಜನ. ಮೊದಲ ಸಾಲಿನಲ್ಲಿ ಅಮ್ಮ, ತಲೆಗೆ ಬಿಳಿ ಟೋಪಿ ಹಾಕಿಕೊಂಡು. ಎಲ್ಲ ಸುಸೂತ್ರವಾಗಿಯೇ ನಡೆದಿತ್ತು. ಮಾತಿನ ಜಾಗ ಬಂತು. ದೊಡ್ಡ ಸ್ಪೀಕರುಗಳಲ್ಲಿ ‘ಅಪ್ಪಾ, ಇವತ್ತೇನಾಯ್ತು ಗೊತ್ತಾ?’ ಎಂದು ಶುರುವಾಯಿತು. ತಮ್ಮ ಬರೀ ತುಟಿ ಆಡಿಸುತ್ತಿರಲಿಲ್ಲ, ಆರಿಸಿದ ಮೈಕಿನೊಳಗೆ ತಾನೂ ಮೆಲ್ಲಗೆ ಹೇಳಿಕೊಳ್ಳುತ್ತಿದ್ದ. ದಿನಾ ಹಾಗೇ ಮಾಡುತ್ತಿದ್ದನಂತೆ, ಯಾರಿಗೂ ಗೊತ್ತಿರಲಿಲ್ಲ. ಎರಡನೆಯ ಸಾಲಿಗೆ ಮಾತು ಸಿಕ್ಕಿಕೊಂಡಿತು. ಹಿಂದಿನಿಂದ ಅಕ್ಕನಿಗೆ ಕಂಡದ್ದು ಒಂದೇ: ಎಡಭುಜ ಕಿವಿಯತ್ತ ಏರಿತು.

ಆಗ ಅವಳು ಮಾಡಿದ್ದನ್ನು ಇನ್ನಾರೂ ಮಾಡುತ್ತಿರಲಿಲ್ಲ. ಮಾತಾಡುತ್ತಿರುವುದು ಯಂತ್ರ, ಅದಕ್ಕೆ ಉಗ್ಗಿಲ್ಲ, ಕಾಯುವ ಅಗತ್ಯವಿಲ್ಲ ಎಂದು ಎಂಥ ದಡ್ಡನಿಗೂ ಗೊತ್ತು. ಅವಳಿಗೂ ಗೊತ್ತಿತ್ತು. ಆದರೆ ಕೈಗೆ ಗೊತ್ತಿರಲಿಲ್ಲ. ಭುಜ ಏರಿದ್ದೇ ತಡ, ಅವಳ ತಲೆ ಬಗ್ಗಿತು, ಕಡ್ಡಿಗಳು ಆ ನಾಲ್ಕು ಪೆಟ್ಟಿಗೆ ಇಳಿದವು, ಅಲ್ಲೇ ಸುತ್ತತೊಡಗಿದವು. ಕಿವಿಯಲ್ಲಿ ಟಿಕ್ ಟಿಕ್ ಬಡಿದುಕೊಳ್ಳುತ್ತಿತ್ತು. ಅವಳಿಗೆ ಕೇಳಿಸಲೇ ಇಲ್ಲ. ಉದ್ದಣ್ಣ ಡ್ರಮ್ಮಿನ ಸದ್ದು ಕೇಳಿದವನೇ ಹಳೆಯ ಅಭ್ಯಾಸದಲ್ಲಿ ತಾನೂ ತಲೆ ಬಗ್ಗಿಸಿ ನಿಂತ. ಮೇಷ್ಟ್ರು ಯಂತ್ರದ ಹಿಂದೆ ಓಡಿದರು. ದೀಪ ಒಂದು ಕಡೆ, ಡ್ರಮ್ ಒಂದು ಕಡೆ, ಗಿಟಾರು ಇನ್ನೊಂದು ಕಡೆ. ಹಿಂದಿನ ಪರದೆಯ ಮೇಲೆ ಮೂರು ಮಹಡಿ ಎತ್ತರಕ್ಕೆ ತಮ್ಮನ ಮುಖ: ತೆರೆದ ಬಾಯಿ, ಉಬ್ಬಿದ ಕತ್ತಿನ ನರ, ಸಿಕ್ಕಿಕೊಂಡು ನಿಂತ ಮಾತು. ಸ್ಪೀಕರಿನಲ್ಲಿ ಅದೇ ತಮ್ಮ ಒಂದಿಷ್ಟೂ ತಡವರಿಸದೆ ಕಿಟಕಿಯ ಸುದ್ದಿ ಹೇಳುತ್ತಲೇ ಇದ್ದ.

ಮೊದಲು ಗುಸುಗುಸು. ಆಮೇಲೆ ಒಂದು ನಗು. ಆಮೇಲೆ ಮೈದಾನಕ್ಕೆ ಮೈದಾನವೇ ನಕ್ಕಿತು, ಸಾವಿರ ಸಾವಿರ ಫೋನುಗಳು ಮೇಲೆದ್ದವು. ಅಕ್ಕ ಇನ್ನೂ ಕಾಯುತ್ತಲೇ ಇದ್ದಳು. ಹದಿನಾರನೆಯ ಸುತ್ತಿಗೆ ತಮ್ಮ ಹಿಂದಕ್ಕೆ ತಿರುಗಿ ಅವಳನ್ನು ನೋಡಿದ. ಕಾಯುವಾಗ ಅವನು ಎಂದೂ ಹಾಗೆ ನೋಡಿದವನಲ್ಲ. ಆ ಕಣ್ಣು ನೋಡಿ ಅಕ್ಕನ ಕೈಯಿಂದ ಕಡ್ಡಿ ಬಿತ್ತು.

ಮಾರನೆಯ ದಿನ ಅವಳ ಕಾರ್ಖಾನೆಯ ಸರದಿ. ಹೋದಳು. ಹೋಗದೆ ಮನೆಯಲ್ಲಿ ಕೂತರೆ ಅಮ್ಮನ ಮುಖ ನೋಡಬೇಕು. ಕಾರ್ಖಾನೆಯ ಹೆಂಗಸರೆಲ್ಲ ಫೋನಿನಲ್ಲಿ ಅದನ್ನು ನೋಡಿಯಾಗಿತ್ತು. ‘ಬಾಯೊಂದು, ಮಾತೊಂದು’ ಎಂದು ಯಾರೋ ತಲೆಬರಹ ಕೊಟ್ಟು ಬಿಟ್ಟಿದ್ದರು. ಮಧ್ಯಾಹ್ನ ಊಟದ ಬಿಡುವಿನಲ್ಲಿ ಯಂತ್ರಗಳು ನಿಂತಾಗ ತಮ್ಮ ಬಂದ. ಟೋಪಿಯನ್ನು ಕಣ್ಣಿನವರೆಗೆ ಎಳೆದುಕೊಂಡಿದ್ದ. ಹೊರಗೆ ಕಂಪನಿಯ ಕಾರು, ಅದರೊಳಗೆ ಮ್ಯಾನೇಜರ್. ತಮ್ಮ ರಟ್ಟಿನ ಕಟ್ಟೊಂದರ ಮೇಲೆ ಅವಳೆದುರು ಕೂತ. ಅಕ್ಕ ಊಟದ ಡಬ್ಬಿ ಮುಚ್ಚಿದಳು.

“ಯಾ... ಯಾಕೆ ಕಾದೆ?” ಅಂದ.

“ನಿನ್ನ ಭುಜ ಮೇಲೆ ಹೋಯ್ತಲ್ಲೋ. ಕೈ ತಾನಾಗೇ... ನನ್ ತಪ್ಪು. ಸಾವಿರ ಸಲ ತಪ್ಪು. ಇನ್ಮೇಲೆ ಹಾಗಾಗಲ್ಲ.”

“ನಿನ್ನೆ ವಿಷ್ಯ ಅಲ್ಲ ನಾನು ಕೇಳ್ತಿರೋದು.” ಅವನ ಮಾತು ಸಿಟ್ಟಿಗೋ ಏನೋ ಸರಾಗ ಬರುತ್ತಿತ್ತು. “ಹನ್ನೊಂದು ವರ್ಷ ಯಾಕೆ ಕಾದೆ? ನೀವೆಲ್ಲ ತಲೆ ಬಗ್ಗಿಸ್ಕೊಂಡು ನಿಂತಿರ್ತಿದ್ರಲ್ಲ, ನನಗೆ ಹೇಗಾಗ್ತಿತ್ತು ಗೊತ್ತಾ? ಸತ್ತೋರ ಮನೇಲಿ ನಿಂತ ಹಾಗೆ. ನಾನೇ ಹೆಣ. ಅರವತ್ನಾಲ್ಕು ಸುತ್ತು ಅರವತ್ನಾಲ್ಕು ಸುತ್ತು ಅಂತ ಎಲ್ರ ಹತ್ರ ಹೇಳ್ಕೊಂಡು ಓಡಾಡ್ತಿದ್ಯಲ್ಲ ನೀನು, ಅವತ್ತು ಅಲ್ಲೇ ಭೂಮಿ ಬಾಯ್ಬಿಡ್ಬಾರ್ದಾ ಅಂತಿದ್ದೆ ನಾನು.”

ಅಕ್ಕ ಮುಚ್ಚಿದ ಡಬ್ಬಿಯನ್ನು ಪಕ್ಕಕ್ಕೆ ಸರಿಸಿದಳು.

“ಜನ ಹಾಡು ಕೇಳೋಕೆ ಬರ್ತಿದ್ರು ಅಂದ್ಕೊಂಡ್ಯಾ? ನನ್ನ ಉಗ್ಗು ನೋಡೋಕೆ ಬರ್ತಿದ್ರು. ಸ್ಟುಡಿಯೋದಲ್ಲಿ ಅವಳು ಅದನ್ನ ಕತ್ತರಿಸಿ ಕೇಳ್ಸಿದ್ಳಲ್ಲ, ಹುಟ್ಟಿದ್ಮೇಲೆ ಮೊದಲನೇ ಸಲ ನಾನೂ ಎಲ್ಲರ ಥರ ಅನ್ನಿಸ್ತು. ಅಷ್ಟೇ ಬೇಕಾಗಿದ್ದು ನನಗೆ. ಇಪ್ಪತ್ತು ಸಾವಿರ ಜನ ನನಗಾಗಿ ಕಾಯೋದ್ ಬೇಡ. ಒಬ್ರೂ ಕಾಯ್ಬೇಡಿ.”

“ನನಗೆ ಹೇಳ್ಬಹುದಿತ್ತಲ್ಲೋ.”

“ಹೇಗೆ ಹೇಳ್ಲಿ? ನಿನಗೆ ಇದ್ದಿದ್ದೇ ಅದೊಂದು.”

ನಿಜ. ಅವಳಿಗೆ ಇದ್ದದ್ದು ಅದೊಂದೇ. ಅವಳು ಏಪ್ರನ್ನಿನ ಅಂಚನ್ನು ಬೆರಳಿಗೆ ಸುತ್ತಿಕೊಂಡಳು, ಬಿಚ್ಚಿದಳು. ತಮ್ಮ ಟೋಪಿ ತೆಗೆದು ಮತ್ತೆ ಹಾಕಿಕೊಂಡ. ಕಂಪನಿಯವರು ಡ್ರಮ್ಸಿಗೆ ಬೇರೆಯವರನ್ನು ಗೊತ್ತು ಮಾಡಿದ್ದಾರೆ, ಮುಂದಿನ ವಾರದಿಂದ ಬರುತ್ತಾರೆ ಅಂದ. ಅಕ್ಕ, “ನೀನೇನಂತೀಯ?” ಎಂದು ಕೇಳಿದಳು. “ನಾನೂ ಅದನ್ನೇ ಅಂದೆ” ಅಂದ. ಅವಳು ತಲೆಯಾಡಿಸಿದಳು. ಜಗಳವಾಡಲಿಲ್ಲ, ಶಾಪ ಹಾಕಲಿಲ್ಲ, ನಿನಗಾಗಿ ಅದು ಬಿಟ್ಟೆ ಇದು ಬಿಟ್ಟೆ ಎಂದು ಎತ್ತಿ ಆಡಲಿಲ್ಲ. ಅಮ್ಮನ ಔಷಧಿ ಮುಗಿದಿದೆ, ಹೋಗುವಾಗ ತಗೊಂಡು ಹೋಗು ಎಂದಳು. ಅವನು ಏಳುವುದಕ್ಕೆ ಮುಂದಕ್ಕೆ ಬಾಗಿದಾಗ, ಕೇಳಬಾರದೆಂದುಕೊಂಡಿದ್ದನ್ನು ಕೇಳಿಯೇಬಿಟ್ಟಳು.

“ಒಂದು ಮಾತು ಹೇಳ್ಬಿಡೋ. ಹಾಡಿದ್ರೆ ಸುಳ್ಳಾಗತ್ತೆ, ಹೇಳ್ಬೇಕು ಅಂತ ನೀನೇ ಅಂದಿದ್ದು. ಅಷ್ಟು ವರ್ಷದಲ್ಲಿ ಒಂದೇ ಒಂದು ದಿನ... ಮಾತು ಬಂತಲ್ಲ, ನಾವೆಲ್ಲ ಒಟ್ಟಿಗೆ ಬಿದ್ವಲ್ಲ, ಆಗ... ಒಂದು ದಿನಾನೂ ನಿನಗೆ ಇದು ಬೇಕು ಅನ್ನಿಸಿರ್ಲಿಲ್ವಾ?”

ತಮ್ಮ ಅವಳನ್ನೇ ನೋಡಿದ. ಸಿಟ್ಟು ಇಳಿದ ಮುಖ, ಐದು ವರ್ಷದ ಹುಡುಗನದೇ ಮುಖ. ಉತ್ತರ ಕೊಡಲು ಬಾಯಿ ತೆರೆದ. ಮಾತು ಸಿಕ್ಕಿಕೊಂಡಿತು.

ಅಕ್ಕ ಕಣ್ಣು ಕೆಳಗಿಳಿಸಿದಳು. ತಟ್ಟಬಾರದು, ತಟ್ಟಬಾರದು ಎಂದು ಎರಡೂ ಕೈಯನ್ನು ತೊಡೆಯ ಕೆಳಗೆ ಇಟ್ಟು ಅದರ ಮೇಲೆ ಕೂತಳು. ಎಷ್ಟು ಹೊತ್ತೋ. ಹೊರಗೆ ಕಾರಿನ ಹಾರ್ನ್ ಒಮ್ಮೆ ಆಯಿತು. ಮತ್ತೊಮ್ಮೆ ಆಯಿತು. ಬಿಡುವು ಮುಗಿದ ಗಂಟೆ ಹೊಡೆಯಿತು, ಆ ಕೊನೆಯ ಯಂತ್ರ ಧಡ್ ಎಂದಿತು, ಅದರ ಹಿಂದೆ ಇನ್ನೊಂದು. ಆ ಸದ್ದಿನಲ್ಲಿ ಅವನು ಏನಾದರೂ ಅಂದನೋ, ಬರೀ ಬಾಯಿ ಮುಚ್ಚಿಕೊಂಡನೋ ಗೊತ್ತಾಗಲಿಲ್ಲ; ಅಕ್ಕ ತಲೆಯೆತ್ತುವಷ್ಟರಲ್ಲಿ ಅವನು ಬಾಗಿಲ ಹತ್ತಿರ ಇದ್ದ. ತಿರುಗಿ ನೋಡಲಿಲ್ಲ. ಕಾರಿನ ಬಾಗಿಲು ಹಾಕಿದ ಸದ್ದೂ ಯಂತ್ರಗಳ ಗದ್ದಲದಲ್ಲಿ ಕೇಳಿಸಲಿಲ್ಲ.

“ಅಕ್ಕಾ, ಗಂಟೆ ಆಯ್ತು. ಯಾರಿಗೆ ಕಾಯ್ತಾ ಇದ್ದೀಯ?” ಎಂದು ಪಕ್ಕದ ಯಂತ್ರದವಳು ಕೂಗಿ ಕೇಳಿದಳು.

“ಒಂದ್ನಿಮಿಷ ಇರೇ” ಅಂದಳು ಅಕ್ಕ. ಎದುರಿಗೆ ತಮ್ಮ ಕೂತಿದ್ದ ರಟ್ಟಿನ ಕಟ್ಟು ಖಾಲಿ ಇತ್ತು. ಅವಳು ಕೈಯನ್ನು ಇನ್ನೂ ತೊಡೆಯ ಕೆಳಗಿನಿಂದ ತೆಗೆದಿರಲಿಲ್ಲ.